ನಾಗರಿಕ ಸಭೆ: ಐರ್ಲೆಂಡಿನ ದಾರಿಯೋ, ಫ್ರಾನ್ಸಿನ ದಾರಿಯೋ?

ಪಕ್ಷಗಳು ಬಣಗಳಾಗಿ ಒಡೆದು ನಿಂತಿರುವ ಪ್ರಶ್ನೆಯೊಂದನ್ನು ನಾಗರಿಕ ಸಭೆಗೆ, ಅಂದರೆ ಸಾಮಾನ್ಯ ಜನರೇ ಕೂಡಿ ಚರ್ಚಿಸಿ ಶಿಫಾರಸು ಮಾಡುವ ಸಭೆಗೆ, ಒಪ್ಪಿಸಬೇಕೆಂದಿರುವವರು ಐರ್ಲೆಂಡ್ ಮತ್ತು ಫ್ರಾನ್ಸಿನ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎರಡರಲ್ಲೂ ವಯಸ್ಸು, ಲಿಂಗ, ಪ್ರದೇಶಗಳ ಪ್ರಮಾಣ ಕಾಯ್ದುಕೊಂಡು ಸಾಮಾನ್ಯ ಜನರನ್ನೇ ಯಾದೃಚ್ಛಿಕವಾಗಿ ಆರಿಸಲಾಗಿತ್ತು. ವ್ಯತ್ಯಾಸವಿರುವುದು ಅವರ ತೀರ್ಮಾನ ಮುಂದೆ ಸಾಗಿದ ಹಾದಿಯಲ್ಲಿ.

ಐರ್ಲೆಂಡಿನ ಸಭೆ 2016ರಲ್ಲಿ 99 ನಾಗರಿಕರೊಂದಿಗೆ, ನ್ಯಾಯಮೂರ್ತಿ ಮೇರಿ ಲಫಾಯ್ ಅವರ ಅಧ್ಯಕ್ಷತೆಯಲ್ಲಿ ಆರಂಭವಾಯಿತು. ಮನೆಮಂದಿಯ ನಡುವೆಯೂ ಮಾತು ಮುರಿಯಬಲ್ಲ ಗರ್ಭಪಾತದ ವಿಷಯದಲ್ಲಿ ಅವರು ಐದು ವಾರಾಂತ್ಯ ದುಂಡು ಮೇಜುಗಳ ಸುತ್ತ ಕುಳಿತು, ವೈದ್ಯರು, ಕಾನೂನು ತಜ್ಞರು ಮತ್ತು ಪರ-ವಿರೋಧದ ಸಂಘಟನೆಗಳ ವಾದಗಳ ಜೊತೆಗೆ, ಆ ಸಂಕಟವನ್ನು ಸ್ವತಃ ಎದುರಿಸಿದ ಮಹಿಳೆಯರ ಧ್ವನಿಮುದ್ರಿತ ಮಾತುಗಳನ್ನೂ ಕೇಳಿಸಿಕೊಂಡರು. ಅವರ ಶಿಫಾರಸು ಸಂಸದೀಯ ಸಮಿತಿಯ ಪರಿಶೀಲನೆ ದಾಟಿ ಜನಮತಗಣನೆಗೆ ಹೋಯಿತು. 2018ರ ಮೇ 25ರಂದು ಶೇ 66.4ರಷ್ಟು ಮತದಾರರು ಗರ್ಭಪಾತದ ನಿರ್ಬಂಧ ಸಡಿಲಿಸಲು ದಾರಿ ಮಾಡುವ ಸಂವಿಧಾನ ತಿದ್ದುಪಡಿಗೆ ಒಪ್ಪಿದರು.

ಫ್ರಾನ್ಸಿನ ಹವಾಮಾನ ಸಭೆಯ 150 ಸದಸ್ಯರು 2020ರ ಜೂನ್‌ನಲ್ಲಿ 149 ಪ್ರಸ್ತಾವಗಳನ್ನು ಮುಂದಿಟ್ಟರು. ಅವನ್ನು ಸೋಸದೆ ಮುಂದಕ್ಕೆ ಕಳಿಸುವುದಾಗಿ ಅಧ್ಯಕ್ಷ ಮ್ಯಾಕ್ರನ್ ಮಾತು ಕೊಟ್ಟಿದ್ದರು. ಆದರೆ ಹಲವು ಪ್ರಸ್ತಾವಗಳು ಕಾನೂನಾಗುವಷ್ಟರಲ್ಲಿ ಸೊರಗಿದವು, ಸರ್ಕಾರದ ಸ್ಪಂದನೆಗೆ ಸದಸ್ಯರು ಹತ್ತಕ್ಕೆ ಸರಾಸರಿ 3.3 ಅಂಕವನ್ನಷ್ಟೇ ಕೊಟ್ಟರು. ಅಷ್ಟು ತಿಂಗಳು ದುಡಿದವರ ಆ ನಿರಾಶೆ ನನ್ನನ್ನು ಇಂದಿಗೂ ಕಾಡುತ್ತದೆ.

ನೈತಿಕ ತೂಕದ ಒಂದೇ ಪ್ರಶ್ನೆಯಿದ್ದರೆ ನಾನು ಐರ್ಲೆಂಡಿನ ದಾರಿಯನ್ನೇ ಸೂಚಿಸುತ್ತೇನೆ. ವಿಷಯ ಹಲವು ಇಲಾಖೆಗಳಿಗೆ ಹರಡಿಕೊಂಡಿದ್ದರೆ ಫ್ರಾನ್ಸಿನ ವ್ಯಾಪ್ತಿ ಬೇಕಾಗುತ್ತದೆ. ಆಗ ಪ್ರತಿ ಪ್ರಸ್ತಾವಕ್ಕೂ ಶಾಸನಸಭೆ ಇಂತಿಷ್ಟು ದಿನಗಳೊಳಗೆ ಕಾರಣಸಹಿತ ಲಿಖಿತ ಉತ್ತರ ಕೊಡಬೇಕೆಂಬ ನಿಯಮವನ್ನು ಮೊದಲ ಬೈಠಕ್ಕಿಗೂ ಮುನ್ನವೇ ಬರೆದಿಡಬೇಕು.