ಸೈಕಲ್ಲಿಗೆ ಅಲೆನ್ ಕೀ: ಬಾಂಡಸ್ ಸೆಟ್ ಜೊತೆ ಆರು ವರ್ಷ

ಅಲೆನ್ ಕೀ ಅಂದರೆ ಬೋಲ್ಟಿನ ತಲೆಯ ಆರು ಮೂಲೆಯ ತೂತಿಗೆ ಹಾಕಿ ತಿರುಗಿಸುವ ಎಲ್ ಆಕಾರದ ಕಡ್ಡಿ. ನನ್ನ ಮೊದಲ ಸೆಟ್ಟಿನ ಮೇಲೆ ಯಾವ ಹೆಸರೂ ಇರಲಿಲ್ಲ. ಸೈಕಲ್ ಕೊಂಡಾಗ ಅಂಗಡಿಯವರು ಪುಕ್ಕಟೆ ಕೊಟ್ಟಿದ್ದರು. ಪಳಪಳ ಹೊಳೆಯುತ್ತಿತ್ತು. ಇಷ್ಟು ಸಾಕಲ್ವಾ ಅಂತ ಒಂದು ವರ್ಷ ಅದರಲ್ಲೇ ಕಳೆದೆ.

ಆಮೇಲೆ ಒಂದು ಮಳೆಗಾಲ. ಮೈಸೂರಿನ ಹೊರಗೆ ವರುಣ ನಾಲೆ ಏರಿ ಮೇಲೆ ಕೆಸರಲ್ಲಿ ಸುತ್ತಾಡಿ ಬಂದಿದ್ದೆ. ಶೂವನ್ನು ಪೆಡಲಿಗೆ ಸಿಕ್ಕಿಸುವ ಅಡಿಯ ಕ್ಲೀಟ್ ಸವೆದಿತ್ತು, ಬದಲಾಯಿಸಬೇಕಿತ್ತು. ಬೋಲ್ಟಿನ ತೂತಿನೊಳಗೆ ಕೆಂಪು ಮಣ್ಣು ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ಕೆರೆದು ತೆಗೆಯುವ ತಾಳ್ಮೆ ಯಾರಿಗಿತ್ತು? ಹಾಗೇ 4 ಎಂಎಂ ಕೀ ತುರುಕಿ ತಿರುಗಿಸಿದೆ. ಒಂದು ಸಲ ಕಿರ್ ಅಂದಿತು. ಆಮೇಲೆ ಕೀ ಸುಮ್ನೆ ಸುತ್ತತೊಡಗಿತು. ಟಾರ್ಚ್ ಹಿಡಿದು ನೋಡಿದರೆ ಆರು ಮೂಲೆಯ ತೂತು ದುಂಡಗಾಗಿದೆ. ಕೀಯ ಮೂಲೆಗಳೂ ಬಳಪದ ತುದಿಯ ಹಾಗೆ ಸವೆದಿವೆ. ಕೊನೆಗೆ ನಕ್ಷತ್ರದ ಆಕಾರದ ತುದಿಯ ಒಂದು ಟಿ25 ಟಾರ್ಕ್ಸ್ ಬಿಟ್ಟನ್ನು ಸುತ್ತಿಗೆಯಿಂದ ಆ ತೂತಿಗೆ ಹೊಡೆದು ಕೂರಿಸಿ ಬೋಲ್ಟ್ ಬಿಚ್ಚಿದೆ. ಹತ್ತು ನಿಮಿಷದ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಹೋಯಿತು.

ಅರ್ಧ ತಪ್ಪು ನನ್ನದೇ. ಮಣ್ಣು ತುಂಬಿದ ತೂತಿಗೆ ಕೀ ಅರ್ಧದಷ್ಟೂ ಇಳಿದಿರಲಿಲ್ಲ. ಈಗ ಮೊದಲು ಒಂದು ಹಳೆ ಸ್ಪೋಕಿನ ತುದಿಯಿಂದ ತೂತು ಚೊಕ್ಕ ಮಾಡಿ, ಕೀ ತಳ ಮುಟ್ಟಿದೆ ಅಂತ ಖಾತ್ರಿಯಾದ ಮೇಲೇ ತಿರುಗಿಸುತ್ತೇನೆ. ಉಳಿದರ್ಧ ತಪ್ಪು ಕೀಯದು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸ ಮಾಡುವ ಗೆಳೆಯನ ಹತ್ತಿರ ಆ ಸೆಟ್ ಒಯ್ದೆ. ಅವನು ವರ್ನಿಯರ್ ತೆಗೆದು 5 ಎಂಎಂ ಅಂತ ಬರೆದ ಕೀಯನ್ನು ಅಳೆದ. 4.86 ಬಂತು. 5 ಎಂಎಂ ಕೀ ಹಾಕುವ ಬೋಲ್ಟಿನ ತೂತು ಸ್ಟ್ಯಾಂಡರ್ಡ್ ಪ್ರಕಾರ 5.02ಕ್ಕಿಂತ ಚಿಕ್ಕದಿರುವಂತಿಲ್ಲ. ಅಂದರೆ ಸಂದು ಕನಿಷ್ಠ 0.16 ಎಂಎಂ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಸಂದು ಜಾಸ್ತಿಯಾದಷ್ಟೂ ಕೀ ಒಳಗೆ ವಾಲುತ್ತದೆ, ಬಲವೆಲ್ಲ ಮೂಲೆಯ ಅಂಚಿನ ಮೇಲೇ ಬೀಳುತ್ತದೆ. ಅಂಚು ಮೆತ್ತಗಿದ್ದರೆ ಕಥೆ ಮುಗಿಯಿತು.

ಅವನೇ ಹೇಳಿದ್ದು, ಬಾಂಡಸ್ ತಗೋ ಅಂತ. ಅಮೆರಿಕದ ಮಿನ್ನೆಸೋಟಾದ ಕಂಪನಿ. ಕೀಯ ತುದಿಯಲ್ಲಿ ಗುಂಡು ಇರುತ್ತದಲ್ಲ, ಬಾಲ್ ಎಂಡ್, ಅದನ್ನು ಮೊದಲು ತಂದವರು ಇವರೇ. ನಾನು ಕೊಂಡದ್ದು ಒಂಬತ್ತು ಕೀಗಳ ಬಾಲ್‌ಡ್ರೈವರ್ ಸೆಟ್, 1.5ರಿಂದ 10 ಎಂಎಂವರೆಗೆ. ಆಗ ಎರಡು ಸಾವಿರ ಚಿಲ್ಲರೆ ಕೊಟ್ಟೆ. ಮನೆಯಲ್ಲಿ "ಬಗ್ಗಿದ ಕಬ್ಬಿಣದ ಕಡ್ಡಿಗೆ ಇಷ್ಟಾ?" ಅಂದರು. ಉತ್ತರ ಕೊಡಲು ಹೋಗಲಿಲ್ಲ.

ಅದೇ ಗೆಳೆಯ, ಅದೇ ವರ್ನಿಯರ್. ಹೊಸ 5 ಎಂಎಂ ಕೀ 4.97 ಬಂತು. ಆದರೆ ವರ್ನಿಯರ್ ಬೇಕೇ ಬೇಕು ಅಂತಿಲ್ಲ. ಬೋಲ್ಟಿಗೆ ಕೀ ಹಾಕಿ, ಬೆರಳ ತುದಿಯಿಂದ ಆ ಕಡೆ ಈ ಕಡೆ ಅಲ್ಲಾಡಿಸಿ. ಹಳೆಯದು ಲೊಟಲೊಟ ಅನ್ನುತ್ತಿತ್ತು. ಇದು ಟಕ್ ಅಂತ ಕೂತು ಸುಮ್ಮನಾಗುತ್ತದೆ. ಅಂಗಡಿಗೆ ಹೋಗುವಾಗ ಜೇಬಲ್ಲಿ 5 ಎಂಎಂ ಕೀ ಹಾಕುವ ಒಂದು ಹೊಸ ಬೋಲ್ಟ್ ಇಟ್ಟುಕೊಂಡು ಹೋದರೆ ಕೌಂಟರಿನಲ್ಲೇ ಈ ಪರೀಕ್ಷೆ ಮುಗಿಯುತ್ತದೆ. ಅಂದಹಾಗೆ ನಮ್ಮ ಕಡೆ ಬಿಲ್ಲಿನಲ್ಲಿ "ಎಲ್.ಎನ್. ಕೀ" ಅಂತ ಬರೆಯುವುದುಂಟು. ಎಲ್ ಆಕಾರ ಇದೆಯಲ್ಲ, ಅದಕ್ಕೆ ಎಲ್ ಅಂತ ನಾನೂ ತುಂಬಾ ದಿನ ನಂಬಿದ್ದೆ. ಅದು ಅಲೆನ್, ಅಮೆರಿಕದ ಹಾರ್ಟ್‌ಫರ್ಡ್‌ನ ಒಬ್ಬ ಉತ್ಪಾದಕರ ಹೆಸರು. ಜರ್ಮನಿಯಲ್ಲಿ ಇದನ್ನೇ ಇನ್‌ಬಸ್ ಅಂತಾರೆ.

ಬಾಲ್ ಎಂಡ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಜನ ಎಡವುವುದು ಇಲ್ಲೇ. ಇದು 25 ಡಿಗ್ರಿವರೆಗೆ ಓರೆಯಾಗಿ ಬೋಲ್ಟಿಗೆ ಹೋಗುತ್ತದೆ. ಸೀಟಿನ ಅಡಿಯ ಬೋಲ್ಟಿಗೆ ಕೀ ನೇರವಾಗಿ ಹಾಕಲು ಸೀಟಿನ ಕಂಬಿಗಳು ಅಡ್ಡ. ಬಾಟಲಿ ಕೇಜಿನ ಬೋಲ್ಟಿಗೆ ಕೇಜೇ ಅಡ್ಡ. ಮೊದಲು ಕಾಲು ಸುತ್ತು ತಿರುಗಿಸು, ಕೀ ತೆಗಿ, ಮತ್ತೆ ಹಾಕು, ಹೀಗೆ ಮಾಡಿ ಮಾಡಿ ಬೇಸರ ಬರುತ್ತಿತ್ತು. ಈಗ ಉದ್ದ ತುದಿಯ ಗುಂಡನ್ನು ಓರೆಯಾಗಿ ಹಾಕಿ ಬೆರಳಲ್ಲೇ ಗರಗರ ತಿರುಗಿಸುತ್ತೇನೆ. ಆದರೆ ಕೊನೆಯ ಬಿಗಿತಕ್ಕೆ ಗುಂಡು ಬೇಡ. ಅದರ ಕತ್ತು ತೆಳ್ಳಗಿರುತ್ತದೆ, ಬೋಲ್ಟಿಗೆ ಅದು ತಾಗುವ ಜಾಗವೂ ಕಡಿಮೆ. ಜೋರು ಹಾಕಿದರೆ ಬೋಲ್ಟ್ ಕೆಡುತ್ತದೆ, ಇಲ್ಲವೇ ಗುಂಡು ಮುರಿದು ತೂತಿನಲ್ಲೇ ಉಳಿಯುತ್ತದೆ. ಬಿಗಿ ಮಾಡಲು, ಜಾಮ್ ಆದದ್ದನ್ನು ಬಿಚ್ಚಲು ಗುಂಡಿಲ್ಲದ ಇನ್ನೊಂದು ಚಪ್ಪಟೆ ತುದಿಯೇ. ಆರು ವರ್ಷದಲ್ಲಿ ನನ್ನ ಒಂದೂ ಗುಂಡು ಮುರಿದಿಲ್ಲ. ಈ ಒಂದು ನಿಯಮ ಮೀರದೇ ಇದ್ದದ್ದಕ್ಕೆ ಅನ್ನಿಸುತ್ತದೆ.

ಒಂಬತ್ತು ಕೀ ಇದ್ದರೂ ದಿನಾ ಕೈಗೆ ಬರುವುದು ಮೂರೇ: 4, 5, 6. ಎಂ5 ಬೋಲ್ಟಿಗೆ (ಅಂದರೆ 5 ಎಂಎಂ ದಪ್ಪದ್ದಕ್ಕೆ) 4, ಎಂ6ಕ್ಕೆ 5, ಎಂ8ಕ್ಕೆ 6, ಸಾಮಾನ್ಯವಾಗಿ ಲೆಕ್ಕ ಹೀಗೆ. ಹ್ಯಾಂಡಲ್ ಹಿಡಿಯುವ ಸ್ಟೆಮ್, ಬ್ರೇಕ್, ಗೇರ್ ಬದಲಿಸುವ ಡಿರೇಲರ್, ಸೀಟ್ ಪೋಸ್ಟ್ ಎಲ್ಲ ಇದರಲ್ಲೇ ಮುಗಿಯುತ್ತವೆ. 8 ಎಂಎಂ ಪೆಡಲಿಗೆ ಬೇಕು. ಎಡ ಪೆಡಲಿನ ಮರೆ (ಥ್ರೆಡ್) ಉಲ್ಟಾ, ಬಿಚ್ಚುತ್ತೇನೆ ಅಂತ ಇನ್ನಷ್ಟು ಬಿಗಿ ಮಾಡಿ ಬೆವರು ಸುರಿಸಿದವರಲ್ಲಿ ನಾನೂ ಒಬ್ಬ. ಪೆಡಲ್ ಬಿಚ್ಚುವ ಮೊದಲು ಚೈನನ್ನು ಪೆಡಲ್ ಪಕ್ಕದ ದೊಡ್ಡ ಹಲ್ಲುಚಕ್ರದ ಮೇಲೆ ಹಾಕಿಕೊಳ್ಳಿ. ಇಲ್ಲದಿದ್ದರೆ ಕೀ ಜಾರಿದಾಗ ಗೆಣ್ಣು ನೇರ ಅದರ ಹಲ್ಲಿಗೇ ಹೋಗಿ ಬೀಳುತ್ತದೆ. ಡಿಸ್ಕ್ ಬ್ರೇಕ್ ರೋಟರಿಗೆ ಸಾಮಾನ್ಯವಾಗಿ ಟಿ25 ಬೇಕು, ಅದು ಈ ಸೆಟ್ಟಿನಲ್ಲಿಲ್ಲ. ಬೇರೆ ಕೊಂಡೆ.

ಇಂಚಿನ ಸೆಟ್ ಮನೆಯಲ್ಲಿದ್ದರೆ ಸೈಕಲ್ಲಿನಿಂದ ದೂರ ಇಡಿ. 3/16 ಇಂಚು ಅಂದರೆ 4.76 ಎಂಎಂ. 5ರ ತೂತಿಗೆ ಆರಾಮಾಗಿ ಹೋಗುತ್ತದೆ, ತಿರುಗುತ್ತದೆ, ಒಂದು ದಿನ ಮೂಲೆ ಮುಗಿಸುತ್ತದೆ.

ಬಾಂಡಸ್ಸೇ ಆಗಬೇಕಾ? ಇಲ್ಲ. ಗೆಳೆಯರ ಹತ್ತಿರ ಜರ್ಮನಿಯ ವೆರಾ ಇದೆ. ಬಲ ಮೂಲೆಯ ಬದಲು ಪಕ್ಕದ ಮುಖಗಳ ಮೇಲೆ ಹರಡುವ ಹಾಗೆ ಅದರ ತುದಿಯನ್ನು ಮಾಡಿದ್ದಾರೆ. ಹಿಡಿತ ಚೆನ್ನಾಗಿದೆ, ಬಣ್ಣದ ತೋಳೂ ಇದೆ, ಯಾವುದು ಯಾವ ಸೈಜ್ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಸ್ವಿಟ್ಜರ್ಲೆಂಡಿನ ಪಿಬಿ ಸ್ವಿಸ್ ಒಮ್ಮೆ ಕೈಯಲ್ಲಿ ಹಿಡಿದೆ, ಬೆಲೆ ಕೇಳಿ ಮೆಲ್ಲಗೆ ವಾಪಸ್ ಇಟ್ಟೆ. ತಿಂಗಳಿಗೊಮ್ಮೆ ಸೀಟು ಏರಿಸಿ ಇಳಿಸುವವರಿಗೆ ನಮ್ಮ ಟಪಾರಿಯಾ ಸಾಕು, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ನನ್ನ ಸೀಟಿನ ಕೆಳಗಿನ ಚೀಲದಲ್ಲಿ ಇರುವುದೂ ಅದರದೇ 4, 5, 6. ದಾರಿಯಲ್ಲಿ ಸೈಕಲ್ ಕೆಟ್ಟರೆ ಮಡಚುವ ಮಲ್ಟಿ ಟೂಲ್ ಸರಿ, ಮನೆಯ ಕೆಲಸಕ್ಕೆ ಅದು ನನಗೆ ಒಗ್ಗಲಿಲ್ಲ. ಮೂಲೆಯಲ್ಲಿ ಪೂರ್ತಿ ಸುತ್ತಲು ಅದರ ಮೈಯೇ ಅಡ್ಡ ಬರುತ್ತದೆ.

ಕಪ್ಪು ಫಿನಿಶ್ ಆದ್ದರಿಂದ ಗ್ರೀಸ್ ಕೈಯಲ್ಲಿ 4 ಯಾವುದು 5 ಯಾವುದು ಗೊತ್ತಾಗುತ್ತಿರಲಿಲ್ಲ. ಹೆಂಡತಿಯ ನೇಲ್ ಪಾಲಿಶ್ ತಗೊಂಡು 4ಕ್ಕೆ ಕೆಂಪು, 5ಕ್ಕೆ ನೇರಳೆ ಪಟ್ಟಿ ಹಾಕಿದೆ. ಕೇಳದೇ ತಗೊಂಡಿದ್ದೆ, ಅದು ಬೇರೆ ಕಥೆ. ಒದ್ದೆ ಚೀಲದಲ್ಲಿ ನಾಲ್ಕು ದಿನ ಮರೆತು ಒಮ್ಮೆ ತುಕ್ಕು ಹಿಡಿಸಿದ್ದೂ ನಾನೇ. ಎಣ್ಣೆ ಹಾಕಿ ಬಟ್ಟೆಯಲ್ಲಿ ತಿಕ್ಕಿದೆ, ಹೋಯಿತು. 5ರ ಚಪ್ಪಟೆ ತುದಿ ಹೋದ ವರ್ಷ ಸ್ವಲ್ಪ ಸವೆದಿತ್ತು. ಗೆಳೆಯ ಗ್ರೈಂಡರಿನಲ್ಲಿ ತುದಿಯಿಂದ ಎರಡು ಎಂಎಂ ತೆಗೆದ, ಪ್ರತಿ ಸಲ ತಾಗಿಸಿದ ಮೇಲೂ ನೀರಲ್ಲಿ ಅದ್ದುತ್ತಾ. ಬಿಸಿಯಾಗಿ ಬಣ್ಣ ತಿರುಗಿದರೆ ಉಕ್ಕಿನ ಗಡಸುತನ ಹೋಗುತ್ತದೆ. ಈಗ ಮೂಲೆಗಳು ಮತ್ತೆ ಹೊಸದರ ಹಾಗಿವೆ.

ಸೆಟ್ಟಿನಲ್ಲಿ ಸದ್ಯ ಇರುವುದು ಎಂಟು. 1.5 ಎಂಎಂ ಕೀ ಅಂಗಳ ತೊಳೆಯುವಾಗ ಮೋರಿಗೆ ಹೋಯಿತು. ಎರಡು ವರ್ಷ ಆಯಿತು, ಇನ್ನೂ ಅದರ ನೆನಪೇ ಬಂದಿಲ್ಲ.