ಸಾವರಾ: ಅಳತೆಗಾರನ ಊರಿಗೆ ಒಂದು ದಿನದ ಪ್ರವಾಸ

ಟೋಕಿಯೊ ಹತ್ತಿರ ಹಳೇ ವ್ಯಾಪಾರಿ ಪೇಟೆ ನೋಡಬೇಕು ಅಂದರೆ ಎಲ್ಲರೂ ಕವಾಗೊಯೆ ಅನ್ನುತ್ತಾರೆ. ಚೆನ್ನಾಗಿದೆ, ಆದರೆ ಭಾನುವಾರ ಹೋದರೆ ಜಾತ್ರೆ. ನನ್ನನ್ನು ಕೇಳಿದರೆ ಚಿಬಾ ಪ್ರಾಂತ್ಯದ ಸಾವರಾಕ್ಕೆ ಹೋಗಿ. ನರಿತಾ ಊರಿನ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಗಂಟೆಗೊಂದೇ ರೈಲು ಅಂತ ಲೆಕ್ಕ ಇಟ್ಟುಕೊಂಡು, ವಾಪಸು ಬರುವ ಗಾಡಿಯ ಟೈಮು ಮೊದಲೇ ನೋಡಿಕೊಳ್ಳಿ.

ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಓನೋ ಹೊಳೆ ಸಿಗುತ್ತದೆ. ಹೊಳೆ ಅನ್ನೋದು ಹೆಸರಿಗೆ, ಅಗಲ ನೋಡಿದರೆ ನಮ್ಮ ಕಡೆಯ ನಾಲೆಯಷ್ಟೇ. ದಡದುದ್ದಕ್ಕೂ ಹಳೇ ಅಂಗಡಿ, ಗೋದಾಮು, ಸರಕು ಇಳಿಸೋಕೆ ನೀರಿನವರೆಗೆ ಕಲ್ಲಿನ ಮೆಟ್ಟಿಲು. ಅಕ್ಕಿ, ಸಾಕೆ ಎಂಬ ಅಕ್ಕಿಯ ಮದ್ಯ, ಸೋಯಾ ಸಾಸ್ ಇಲ್ಲಿಂದ ದೋಣಿಯೇರಿ ತೊನೆ ನದಿ ಹಿಡಿದು ಎಡೊ ಪಟ್ಟಣಕ್ಕೆ, ಅಂದರೆ ಈಗಿನ ಟೋಕಿಯೊಗೆ, ಹೋಗುತ್ತಿತ್ತು. 2011ರ ಭೂಕಂಪದಲ್ಲಿ ಹೆಂಚು ಉದುರಿ, ದಡ ಕುಸಿದು ಹಾಳಾಗಿದ್ದನ್ನು ಮತ್ತೆ ನಿಲ್ಲಿಸಿದ್ದಾರೆ.

ನಾನು ಹೋದದ್ದು ಮಾತ್ರ, ಜಪಾನನ್ನು ಅಳೆದು ಅದರ ನಕ್ಷೆಗೆ ಕಾರಣರಾದ ಇನೋ ತದತಕ ಅವರ ಮ್ಯೂಸಿಯಂ ನೋಡಲು. ಸರ್ವೆ ಇಲಾಖೆಯಲ್ಲಿ ಭೂಮಾಪಕನಾಗಿ ಸವೆದ ಜೀವ ನನ್ನದು. 33 ಅಡಿ ಸರಪಳಿ ಎಳೆದು, ಮುಳ್ಳುಪೊದೆಯಲ್ಲಿ ಬಾಂದುಕಲ್ಲು ಹುಡುಕಿ, ಅಣ್ಣತಮ್ಮಂದಿರ ಜಗಳದ ನಡುವೆ ಹದ್ದುಬಸ್ತು ಮಾಡಿದವನು.

ಈ ಇನೋ ಸಾವರಾದ ಸಾಕೆ ವ್ಯಾಪಾರಿಗಳ ಮನೆಗೆ ಮನೆಅಳಿಯನಾಗಿ ಬಂದವರು. ವ್ಯಾಪಾರ ಬೆಳೆಸಿ, ಮಗನಿಗೆ ವಹಿಸಿ, 50ರ ಪ್ರಾಯದಲ್ಲಿ ಎಡೊಗೆ ಹೋಗಿ ತಮಗಿಂತ 19 ವರ್ಷ ಚಿಕ್ಕ ಗುರುವಿನ ಹತ್ತಿರ ಖಗೋಳಶಾಸ್ತ್ರ ಕಲಿತರು. 1800ರಲ್ಲಿ, 55ನೇ ವಯಸ್ಸಿಗೆ, ಉತ್ತರದ ದ್ವೀಪವಾದ ಈಗಿನ ಹೊಕ್ಕೈಡೊ ಕಡೆಗೆ, ಹೆಜ್ಜೆ ಎಣಿಸಿ ದೂರ ಅಳೆಯುತ್ತಾ ಹೊರಟೇಬಿಟ್ಟರು. ನಮಗೋ 60ಕ್ಕೆ ಪಿಂಚಣಿ, ಆಮೇಲೆ ಮೊಣಕಾಲು ನೋವು! ಅದೇ ಕಾಲಕ್ಕೆ, ಟಿಪ್ಪು ಮಡಿದ ಮೇಲೆ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಮೆಕೆಂಜಿ ನಮ್ಮ ಮೈಸೂರು ಸೀಮೆ ಅಳೆಯುತ್ತಿದ್ದರು. ಅವರಿಗೆ ಕಂಪನಿಯ ಖಜಾನೆ ಇತ್ತು. ಇನೋ ಮೊದಲ ಸುತ್ತಿನ ಖರ್ಚಿನ ಬಹುಪಾಲನ್ನು ಕೈಯಿಂದಲೇ ಹಾಕಿಕೊಂಡರು.

ಗಾಜಿನ ಹಿಂದಿನ ಒಂದು ಮರದ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತೆ. ಹಗ್ಗ ಕಟ್ಟಿ ಎಳೆದರೆ ಅಡಿಯ ಚಕ್ರ ಉರುಳುತ್ತದೆ, ಒಳಗೆ ಹಲ್ಲಿನ ಚಕ್ರಗಳು ತಿರುಗುತ್ತವೆ, ಮೇಲಿನ ಕಿಂಡಿಗಳಲ್ಲಿ ದೂರದ ಅಂಕಿ ಮೂಡುತ್ತದೆ. ಎಷ್ಟು ಅಂದವಾದ ಕೆಲಸ! ಆದರೂ ಉಬ್ಬುತಗ್ಗಿನ ದಾರಿಯಲ್ಲಿ ಲೆಕ್ಕ ತಪ್ಪುತ್ತದೆಂದು ಇನೋ ಅದನ್ನು ಹೆಚ್ಚು ಬಳಸಲಿಲ್ಲ, ಹಗ್ಗ ಮತ್ತು ಕಬ್ಬಿಣದ ಸರಪಳಿಯನ್ನೇ ನಂಬಿದರು. ಸರಿಯಾದ ತೀರ್ಮಾನ. ಅಕ್ಷಾಂಶದ ಒಂದು ಡಿಗ್ರಿ 28.2 ರಿ (ಹಳೇ ಜಪಾನಿ ದೂರದ ಅಳತೆ), ಅಂದರೆ ಸುಮಾರು 110.75 ಕಿ.ಮೀ., ಅಂತ ಅವರು ಕಂಡುಹಿಡಿದದ್ದು ಇವತ್ತಿನ ಲೆಕ್ಕಕ್ಕೆ ಕೂದಲೆಳೆಯಷ್ಟು ಹತ್ತಿರ. ಅವರು 1818ರಲ್ಲಿ ತೀರಿಕೊಂಡರು. ಶಿಷ್ಯರು 1821ರಲ್ಲಿ ನಕ್ಷೆ ಮುಗಿಸಿದರು. ದೊಡ್ಡ ನಕ್ಷೆ 214 ಹಾಳೆ. ಮ್ಯೂಸಿಯಂನ ಫಲಕಗಳನ್ನು ನನ್ನ ಮಗ ಓದಿ ಹೇಳಿದ. ಜಪಾನಿ ಬಲ್ಲವರೊಬ್ಬರು ಜೊತೆಗಿದ್ದರೆ ಮಜಾ ಬೇರೆ.

ಸೇತುವೆ ದಾಟಿದರೆ ಎದುರಿಗೇ ಅವರ ಮನೆ, ಟಿಕೆಟ್ ಇಲ್ಲ. ಆ ಸೇತುವೆಯಿಂದ ಅರ್ಧ ಗಂಟೆಗೊಮ್ಮೆ ಹೊಳೆಗೆ ನೀರು ಧುಮುಕಿಸುತ್ತಾರೆ. ಹಿಂದೆ ಅದು ಗದ್ದೆಗೆ ನೀರು ಸಾಗಿಸುವ ತೂಬಾಗಿತ್ತಂತೆ. ದೋಣಿ ಸವಾರಿ ಅರ್ಧ ಗಂಟೆಯದು, ಹಾಯಾಗಿರುತ್ತದೆ. ಚಳಿಗಾಲದಲ್ಲಾದರೆ ದೋಣಿಯೊಳಗೇ ಕಂಬಳಿ ಹೊದಿಸಿದ ಬಿಸಿ ಮೇಜು, ಕಾಲು ಚಾಚಿ ಕೂರಬಹುದು.

ಊಟದ ವಿಷಯಕ್ಕೆ ಅಂಕ ಕಡಿಮೆ. ಹಾವುಮೀನು ಇಲ್ಲಿನ ಹೆಸರುವಾಸಿ ಅಡುಗೆ. ಸಸ್ಯಾಹಾರಿ ಅಂತ ಮಗ ಒತ್ತಿ ಹೇಳಿದರೂ ಒಂದು ಹೋಟೆಲಿನಲ್ಲಿ ನೂಡಲ್ಸ್ ಮೇಲೆ ಒಣಮೀನಿನ ಚೂರು ಉದುರಿಸಿಯೇ ತಂದರು. ಸೊಸೆ ಕಟ್ಟಿಕೊಟ್ಟ ಪುಳಿಯೋಗರೆ ಕಾಪಾಡಿತು.

ಸೋಮವಾರ ಮ್ಯೂಸಿಯಂಗೆ ರಜೆ. ಜುಲೈ, ಅಕ್ಟೋಬರಿನಲ್ಲಿ ಆಳೆತ್ತರ ಮೀರಿದ ಬೊಂಬೆಗಳ ತೇರು ಎಳೆಯುತ್ತಾರೆ, ಮಗನಿಗೆ ಆಗ ಹೋಗುವ ಆಸೆ. ನನಗಂತೂ ಜನವಿಲ್ಲದ ಮಂಗಳವಾರವೇ ಸಾಕು.