ಒಂಟಿ ಸಾಲು, ಜೋಡಿ ಸಾಲು, ಓರೆ ಸಾಲು: ಯಾವ ಗಾಳಿಗೆ ಯಾವುದು?

ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಸೈಕಲ್ ಸವಾರರ ಶಕ್ತಿಯಲ್ಲಿ ಸುಮಾರು ಶೇ 80ರಷ್ಟನ್ನು ಗಾಳಿಯೇ ನುಂಗುತ್ತದೆ. ವೇಗ 30ರಿಂದ 40ಕ್ಕೆ ಏರಿದರೆ ಗಾಳಿಗಾಗಿ ಹಾಕಬೇಕಾದ ವಾಟ್ ಸುಮಾರು 2.4 ಪಟ್ಟಾಗುತ್ತದೆ. ಮುಂದಿನವರ ಚಕ್ರ ಹಿಡಿದರೆ, ಅಂದರೆ ಅವರ ಬೆನ್ನಿಗೇ ಅಂಟಿ ಗಾಳಿಯ ಮರೆಯಲ್ಲಿ ತುಳಿದರೆ, ಶೇ 30ರ ಆಸುಪಾಸು ಶಕ್ತಿ ಉಳಿತಾಯವಾಗುತ್ತದೆ. ಆದರೆ ಆ ಮರೆ ಎಲ್ಲಿ ಬೀಳುತ್ತದೆ ಅನ್ನುವುದು ಗಾಳಿಯ ದಿಕ್ಕಿನ ಮೇಲಿದೆ. ಮೂರು ಸಾಲುಗಳ ವ್ಯತ್ಯಾಸ ಇರುವುದೂ ಅಲ್ಲೇ.

ಒಂಟಿ ಸಾಲು ಎದುರುಗಾಳಿಗೆ ಸರಿ, ಅದರಲ್ಲೂ ಗುಂಪಿನಲ್ಲಿ ಗಟ್ಟಿಗರೂ ಸುಸ್ತಾದವರೂ ಕಲೆತಿದ್ದಾಗ. ಚಕ್ರಗಳ ನಡುವೆ 30ರಿಂದ 50 ಸೆಂ.ಮೀ., ಮುಂದೆ ನಿಂತು ಗಾಳಿ ಸೀಳುವ ಒಬ್ಬೊಬ್ಬರ ಪಾಳಿ 30ರಿಂದ 60 ಸೆಕೆಂಡು. ಗಟ್ಟಿಗರು ಪಾಳಿಯನ್ನು ಉದ್ದ ಮಾಡಬೇಕೇ ಹೊರತು ವೇಗ ಏರಿಸಬಾರದು. ಏರಿಸಿದರೆ ಅದರ ಬೆಲೆ ತೆರುವವರು ಕೊನೆಯವರು. ಪಾಳಿ ಮುಗಿಸಿ ಹಿಂದೆ ಜಾರುವವರು ಕೊನೆಯ ಚಕ್ರ ಪೂರ್ತಿ ದಾಟುವ ಮುಂಚೆಯೇ ಮತ್ತೆ ತುಳಿಯಲು ಶುರು ಮಾಡಬೇಕು. ತಡವಾದರೆ ಎರಡು ಮೀಟರ್ ಬಿರುಕು ಬೀಳುತ್ತದೆ, ಅದನ್ನು ಮುಚ್ಚುವಷ್ಟರಲ್ಲಿ ಮಾಡಿಕೊಂಡ ಉಳಿತಾಯವೆಲ್ಲ ಖರ್ಚು.

ಒಂದು ಸಾಲು ಮುಂದೆ ಹೋಗುತ್ತಾ ಪಕ್ಕದ್ದು ಹಿಂದೆ ಸರಿಯುತ್ತಾ ಸುತ್ತುತ್ತಲೇ ಇರುವ ಜೋಡಿ ಸಾಲು ಇದಕ್ಕಿಂತ ವೇಗದ್ದು, ಒಬ್ಬೊಬ್ಬರು ಮುಂದೆ ಇರುವುದು 5ರಿಂದ 10 ಸೆಕೆಂಡು ಮಾತ್ರ. ಹಿಂದೆ ಸರಿಯುವ ಸಾಲು ಗಾಳಿ ಬೀಸುವ ಕಡೆಗೇ ಇರಬೇಕು, ಮುಂದೆ ಹೋಗುವ ಸಾಲಿಗೆ ಅದೇ ಗೋಡೆ. ಇಲ್ಲಿ ಕೆಡುವುದು ಒಂದೇ ಕಾರಣಕ್ಕೆ: ಮುಂದೆ ಬಂದವರು ಹುರುಪಿನಲ್ಲಿ ಜೋರಾಗಿ ತುಳಿಯುತ್ತಾರೆ. ಬಂದ ವೇಗದಲ್ಲೇ ಪಕ್ಕಕ್ಕೆ ಸರಿದು, ಆಮೇಲೆ ಗಂಟೆಗೆ ಒಂದು ಕಿ.ಮೀ.ಯಷ್ಟು ವೇಗ ಇಳಿಸಿದರೆ ಸಾಕು. ಎಲ್ಲರ ಬಲ ಹತ್ತಿರಹತ್ತಿರ ಇಲ್ಲದಿದ್ದರೆ ಈ ಸಾಲಿನ ಗೊಡವೆಯೇ ಬೇಡ. ಒಬ್ಬರು ತಡವರಿಸಿದರೂ ಸಾಲಿನ ಸುತ್ತು ನಿಂತೇಹೋಗುತ್ತದೆ.

ಅಡ್ಡಗಾಳಿ ಬಂದರೆ ಇವೆರಡೂ ಕೈಕೊಡುತ್ತವೆ, ಮರೆ ನೇರ ಹಿಂದೆ ಇರದೆ ಪಕ್ಕಕ್ಕೆ ಸರಿದಿರುತ್ತದೆ. ಆಗ ಬೇಕಾದ್ದು ಓರೆ ಸಾಲು, ಅಂದರೆ ಎಶೆಲಾನ್. ಮಳೆಗಾಲದ ಪಡುವಣ ಗಾಳಿಯಲ್ಲಿ ವಿಜಯಪುರದಿಂದ ಕೊಲ್ಹಾರದ ಕಡೆಗೆ, ಅಂದರೆ ದಕ್ಷಿಣಕ್ಕೆ ಹೊರಟರೆ ಗಾಳಿ ಬಲದಿಂದ. ಮುಂದಾಳು ಬಲಕ್ಕಿದ್ದು ಉಳಿದವರು ಎಡಕ್ಕೆ ಮೆಟ್ಟಿಲಿನಂತೆ ಇಳಿಯುತ್ತಾರೆ. ಮರಳುವಾಗ ಎಲ್ಲ ತಿರುವುಮುರುವು: ಸಾಲು ರಸ್ತೆಯ ನಡುವಿನತ್ತ ಹರಡುತ್ತದೆ, ಹಿಂದಿನಿಂದ ಬರುವ ಲಾರಿಯ ಮೇಲೆ ಕಣ್ಣಿರಲೇಬೇಕು. ರಸ್ತೆ ಬಂದ್ ಮಾಡದ ಕಡೆ ಇದನ್ನು ಪೂರ್ತಿಯಾಗಿ ಮಾಡಲು ಹೋಗಬಾರದು.

ಲೆಕ್ಕ ಸರಳ. ಒಬ್ಬರಿಗೆ ಅಡ್ಡಕ್ಕೆ 60 ಸೆಂ.ಮೀ. ಅಂದರೂ ಮೂರೂವರೆ ಮೀಟರಿನ ಲೇನಿನಲ್ಲಿ ಹಿಡಿಸುವುದು ಐದಾರು ಜನ. ಏಳನೆಯವರು ರಸ್ತೆಯಂಚಿಗೆ ಬೀಳುತ್ತಾರೆ. ಮುಂದೆ ಚಕ್ರ ಇದ್ದರೂ ಮರೆ ಸಿಗದು. ರೇಸಿನ ತಂತ್ರ ಹುಟ್ಟುವುದು ಇಲ್ಲಿ. ಮುಂದಾಳು ಬೇಕೆಂದೇ ತನ್ನವರಿಗಷ್ಟೇ ಸಾಲುವ ಜಾಗ ಉಳಿಸಿ, ಮಿಕ್ಕವರನ್ನು ಅಂಚಿಗೆ ದೂಡುತ್ತಾನೆ. 2013ರ ಟೂರ್ ಡಿ ಫ್ರಾನ್ಸ್‌ನ 13ನೇ ಹಂತದಲ್ಲಿ, ಸೇಂಟ್-ಅಮಾಂಡ್-ಮಾಂಟ್ರಾಂಡ್ ದಾರಿಯಲ್ಲಿ ಸ್ಪೇನಿನ ಸವಾರ ಕಾಂಟಡೋರ್‌ನ ಸ್ಯಾಕ್ಸೊ ತಂಡ ಹೀಗೇ ಗುಂಪನ್ನು ಒಡೆಯಿತು. ಒಟ್ಟಾರೆ ಮುನ್ನಡೆಯ ಗುರುತಾದ ಹಳದಿ ಜೆರ್ಸಿ ತೊಟ್ಟಿದ್ದ ಫ್ರೂಮ್ 1 ನಿಮಿಷ 9 ಸೆಕೆಂಡು ಕಳೆದುಕೊಂಡ. ಬೆಟ್ಟವಿರಲಿ, ದೊಡ್ಡ ಏರೂ ಇಲ್ಲದ ದಾರಿಯಲ್ಲಿ!

ಅಂಚಿಗೆ ಸಿಕ್ಕವರು ಮಾಡುವ ತಪ್ಪು ಎಂದರೆ ಹಲ್ಲುಕಚ್ಚಿ ಅಲ್ಲೇ ತೂಗಾಡುವುದು. ಇನ್ನೂ ಕಾಲಲ್ಲಿ ಕಸುವಿರುವಾಗಲೇ ಕೂಗಿ ಹೇಳಿ, ಹಿಂದಿನ ನಾಲ್ಕೈದು ಜನರನ್ನು ಸೇರಿಸಿ ಎರಡನೇ ಓರೆ ಸಾಲು ಕಟ್ಟುವುದೇ ಲೇಸು. ಓರೆ ಸಾಲಿನಲ್ಲಿ ನಿಮ್ಮ ಮುಂಚಕ್ರ ಪಕ್ಕದವರ ಹಿಂಚಕ್ರದ ಪಕ್ಕಕ್ಕೇ ಬಂದಿರುತ್ತದೆ. ಅವರು ಒಂದು ಗೇಣು ವಾಲಿದರೂ ಬೀಳುವವರು ನೀವೇ. ಹಾಗಾಗಿ ಗುಂಡಿ ಕಂಡರೆ ಕೈ ತೋರಿಸಬೇಡಿ, ಬಾಯಲ್ಲಿ ಕೂಗಿ. ಎರಡೂ ಕೈ ಹ್ಯಾಂಡಲ್ ಮೇಲಿರಲಿ. ಗಾಳಿ ಬಿರುಸಾದ ದಿನ ಮುಂಚಕ್ರಕ್ಕೆ ಎತ್ತರದ ಕಾರ್ಬನ್ ರಿಮ್ ಹಾಕಲೂಬೇಡಿ.